ನಾಲ್ಕನೆಯ ಪುಟದೊಳಗೆ ಸಾಯುವವರು

ನನ್ನ ತಮ್ಮ ಬರೆದು ಚಿತ್ರಿಸುವ ಕಾಮಿಕ್ಸ್ ಪುಸ್ತಕಗಳಲ್ಲಿ ಹೆಂಗಸರು ನಾಲ್ಕನೆಯ ಪುಟ ದಾಟಿ ಬದುಕುವುದಿಲ್ಲ. ಇದು ನಿಂದೆಯಲ್ಲ, ಎಣಿಕೆ. ಮೊದಲ ಪುಸ್ತಕದಲ್ಲಿ ನಾಯಕನ ತಾಯಿ ಮೂರನೆಯ ಪುಟದ ಕೊನೆಯ ಚೌಕದಲ್ಲಿ, ಕುಸಿದ ಗಡಿಯಾರದ ಗೋಪುರದ ಅಡಿಗೆ ಸಿಕ್ಕಿದಳು. ಎರಡನೆಯದರಲ್ಲಿ ಅವನು ಮದುವೆಯಾಗಬೇಕಿದ್ದ ಹುಡುಗಿ ನಾಲ್ಕನೆಯ ಪುಟದ ಮೇಲಂಚಿನಲ್ಲಿಯೇ ಹೋದಳು. ಮೂರನೆಯದರಲ್ಲಿ ಅಕ್ಕ. ಆ ಅಕ್ಕನಿಗೆ ನನ್ನ ಕನ್ನಡಕವಿತ್ತು, ನನ್ನ ತುರುಬಿತ್ತು, ಕೈಯಲ್ಲಿ ಸೀಮೆಸುಣ್ಣವೂ ಇತ್ತು. ಖಳನು ಅವಳನ್ನು ಶಾಲೆಯ ಮಾಳಿಗೆಯಿಂದ ಕೆಳಕ್ಕೆ ತಳ್ಳಿದ. ಪ್ರತಿ ಸಲವೂ ನಾಯಕ ಹೆಣವನ್ನು ತೋಳುಗಳಲ್ಲಿ ಎತ್ತಿಕೊಂಡು, ಮುಖವನ್ನು ಆಕಾಶಕ್ಕೆ ಮಾಡಿ, ನಾಲ್ಕನೆಯ ಪುಟ ಮುಗಿಯುವವರೆಗೂ ಕೂಗುತ್ತಾನೆ. ಕೂಗಿದ ಮೇಲೆ ಅವನ ಭುಜಗಳಿಂದ ಬೆಳಕು ಹೊರಡುತ್ತದೆ; ಹಾರುತ್ತಾನೆ. ಹೆಣ ಏನಾಯಿತೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಮಣ್ಣು ಮಾಡಿದವರು ಯಾರು, ಮೂರನೆಯ ದಿನ ಹಾಲುತುಪ್ಪ ಬಿಟ್ಟವರು ಯಾರು, ತಿಳಿಯದು. ಐದನೆಯ ಪುಟಕ್ಕೆ ಹೆಣದ ಕೆಲಸ ಮುಗಿದಿರುತ್ತದೆ.

ಈ ಪುಸ್ತಕಗಳ ಕರಡು ತಿದ್ದುವವಳು ನಾನು. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು, ಈಗ ದೇವರಾಜ ಮೊಹಲ್ಲಾದ ಒಂದು ಮುದ್ರಣಾಲಯಕ್ಕೆ ಮನೆಯಿಂದಲೇ ಕರಡು ತಿದ್ದಿಕೊಡುತ್ತೇನೆ. ನನ್ನ ಸಹಿ ಬೀಳದೆ ಅಲ್ಲಿ ಕನ್ನಡದ ಒಂದು ಹಾಳೆಯೂ ಯಂತ್ರಕ್ಕೆ ಹೋಗುವುದಿಲ್ಲ. ಭಾಷೆಯ ವಿಷಯದಲ್ಲಿ ನಾನು ಕಟುವಾದವಳೆಂಬ ಹೆಸರಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮಪ್ಪ ಹಳ್ಳಿಯ ಹೊರಕೇರಿಯನ್ನು ಬಿಟ್ಟುಬಂದು ಇಲ್ಲಿಯ ನೂಲಿನ ಗಿರಣಿ ಸೇರಿದವರು. ಲಕ್ಷ್ಮೀಪುರಂನ ಈ ಮನೆಯನ್ನು ಬಾಡಿಗೆಗೆ ಕೇಳಲು ಹೋದಾಗ ಮನೆಯ ಯಜಮಾನರು ನನ್ನ ಕನ್ನಡವನ್ನು ಕೇಳಿ ಬೇರೇನನ್ನೂ ಕೇಳಲಿಲ್ಲ. ಅಂದಿನಿಂದ ನಾನು ಒಂದು ಅಕ್ಷರವನ್ನೂ ಸಡಿಲ ಬಿಟ್ಟಿಲ್ಲ. ಕೆಳಗಿನ ಮನೆಯಲ್ಲಿ ನಾನು, ಮೇಲಿನ ಎರಡು ಕೋಣೆಗಳಲ್ಲಿ ತಮ್ಮ ಮತ್ತು ಅವನ ಹೆಂಡತಿ.

ಮೊದಲ ಪುಸ್ತಕದ ಕರಡು ಬಂದಾಗಲೇ ನಾನು ತಮ್ಮನನ್ನು ಕರೆದು ಕೇಳಿದ್ದೆ:

“ಈ ತಾಯಿ ಏನು ಕೆಲಸ ಮಾಡುತ್ತಾಳೆ?”

“ಕೆಲ್ಸವಾ? ತಾಯಿ ಕಣಕ್ಕ.”

“ಸಾಯುವ ಮೊದಲು ಏನು ಮಾಡುತ್ತಿದ್ದಳು?”

“ದೋಸೆ ಹುಯ್ತಿದ್ಲು. ಚಿತ್ರದಲ್ಲಿ ಐತಲ್ಲ.”

“ಅವಳನ್ನು ಕೊಲ್ಲದೆ ನಿನ್ನ ನಾಯಕ ಒಬ್ಬ ಕಳ್ಳನನ್ನು ಹಿಡಿಯಲಾರನೇ?”

“ಅವ್ಳು ಸಾಯ್ದೇ ಇದ್ರೆ ಇವ್ನು ಯಾಕಕ್ಕ ಹಾರ್ತಾನೆ? ಸುಮ್ಸುಮ್ನೆ ಹಾರೋಕೆ ಅವ್ನೇನು ಕಾಗೆನಾ?”

“ಕಾಗೆ ತನ್ನ ಹೊಟ್ಟೆಗಾಗಿ ತಾನೇ ಹಾರುತ್ತದೆ. ಅಷ್ಟು ಮರ್ಯಾದೆ ಅದಕ್ಕಿದೆ.”

ಅವನು ನಕ್ಕ. ನನ್ನ ತಮ್ಮನಿಗೆ ಬೈಗುಳವೂ ಹೊಗಳಿಕೆಯಷ್ಟೇ ಚೆನ್ನಾಗಿ ಜೀರ್ಣವಾಗುತ್ತದೆ.

ಮೂರನೆಯ ಪುಸ್ತಕದ ಬಿಡುಗಡೆಗೆ ಬಂದಿದ್ದ ಅತಿಥಿಯೊಬ್ಬರು, ಹೆಣ್ಣಿನ ತ್ಯಾಗವೇ ವೀರನ ಬಲವೆಂದು ಅರ್ಧ ಗಂಟೆ ಮಾತನಾಡಿದರು. ಮಾಳಿಗೆಯಿಂದ ಬಿದ್ದ ಅಕ್ಕ ನಾನೇ ಎಂದು ತಮ್ಮ ಅವರಿಗೆ ಮೊದಲೇ ಹೇಳಿಬಿಟ್ಟಿದ್ದ. ನನ್ನನ್ನು ಎದ್ದು ನಿಲ್ಲಿಸಿ ಶಾಲು ಹೊದಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಯಾರಿಗೂ ಏನನ್ನೂ ತ್ಯಾಗ ಮಾಡಿದವಳಲ್ಲ. ಸಂಬಳಕ್ಕೆ ದುಡಿದಿದ್ದೇನೆ, ಕೆಲಸವನ್ನು ಪ್ರೀತಿಸಿದ್ದೇನೆ. ಕುಳಿತುಕೊಂಡ ಮೇಲೆ ತಮ್ಮನ ಹೆಂಡತಿ ನನ್ನ ಕಿವಿಯಲ್ಲಿ, “ಸತ್ತೋರ್ಗೆ ಹಾರ ಹಾಕೋದು ಕೇಳಿದ್ದೆ. ಶಾಲೂ ಹಾಕ್ತಾರಾ ಅತ್ತಿಗೆ?” ಎಂದಳು. ಆ ಸಂಜೆಯಲ್ಲಿ ನನಗೆ ಸಹ್ಯವಾದದ್ದು ಆ ಒಂದು ಮಾತು.

ಕರಡನ್ನು ಒಬ್ಬರೇ ಓದಬಾರದು. ಕಣ್ಣು ಹಾಳೆಯಲ್ಲಿ ಇರುವುದನ್ನು ಬಿಟ್ಟು, ಇರಬೇಕಾದದ್ದನ್ನು ಓದಿಬಿಡುತ್ತದೆ. ಆದ್ದರಿಂದ ಹಳೆಯ ಮುದ್ರಣಾಲಯಗಳಲ್ಲಿ ಇಬ್ಬರು ಕೂರುತ್ತಿದ್ದರು: ಒಬ್ಬರು ಮೂಲ ಹಸ್ತಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೆಂಪು ಲೇಖನಿ ಹಿಡಿದು ಅದಕ್ಕೆ ಸರಿಯಾಗಿ ಕರಡನ್ನು ನೋಡುತ್ತಾ ಹೋಗುವುದು. ಈಗ ಯಾರೂ ಹೀಗೆ ಮಾಡುವುದಿಲ್ಲ, ನಾನು ಮಾಡುತ್ತಿದ್ದೆ. ನನಗೆ ಓದಿ ಹೇಳುತ್ತಿದ್ದವಳು ತಮ್ಮನ ಹೆಂಡತಿ. ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಎರಡಕ್ಕೆ ಬಂದು, ಉಂಡು, ಮೂರಕ್ಕೆ ಕೆಳಗಿಳಿದು ನನ್ನ ಮೇಜಿನ ಎದುರು ಕೂರುತ್ತಿದ್ದಳು. ಪೂರ್ಣವಿರಾಮಕ್ಕೆ ‘ಪೂರ್ಣ’, ಅಲ್ಪವಿರಾಮಕ್ಕೆ ‘ಅಲ್ಪ’, ಪ್ರಶ್ನಾರ್ಥಕಕ್ಕೆ ‘ಪ್ರಶ್ನೆ’, ಆಶ್ಚರ್ಯಸೂಚಕಕ್ಕೆ ‘ಆಶ್ಚರ್ಯ’ ಎನ್ನಬೇಕು. ದನಿಯಲ್ಲಿ ಭಾವವಿರಬಾರದು, ಕೇಳುವವರು ಅರ್ಥಕ್ಕೆ ಕಿವಿಗೊಡಬಾರದು. ಅರ್ಥದ ಹಿಂದೆ ಹೋದರೆ ತಪ್ಪು ಜಾರಿಕೊಳ್ಳುತ್ತದೆ. “ನಿನ್ನನ್ನು ಬಿಡೆನು ಆಶ್ಚರ್ಯ ಆಶ್ಚರ್ಯ ಆಶ್ಚರ್ಯ” ಎಂದು ಅವಳು ಔಷಧಿಯ ಚೀಟಿ ಓದುವ ದನಿಯಲ್ಲಿ ಓದಿ, “ಎಷ್ಟ್ ಆಶ್ಚರ್ಯ ಪಡ್ತಾರೆ ಅತ್ತಿಗೆ ಇವ್ರು! ಗ್ಯಾಸ್ ಮುಗೀತು ಅಂದ್ರೂ ಇಂಗೇ ಆಶ್ಚರ್ಯ” ಎನ್ನುತ್ತಿದ್ದಳು.

ಅವಳು ಈ ಕೆಲಸಕ್ಕೆ ಬಂದದ್ದು ಮೂರು ವರ್ಷಗಳ ಹಿಂದೆ. ಬಸುರಿನ ಏಳನೆಯ ತಿಂಗಳಲ್ಲಿ ಮಗು ಹೋದ ಮೇಲೆ ಅವಳು ಮಾತನ್ನೇ ಬಿಟ್ಟಿದ್ದಳು. ಏನು ಕೇಳಿದರೂ ತಲೆಯಾಡಿಸುವುದು, ಇಲ್ಲವೇ ಅದೂ ಇಲ್ಲ. ಒಂದು ಮಧ್ಯಾಹ್ನ ತೆಂಗಿನ ಗೊಬ್ಬರವನ್ನು ಕುರಿತ ಕೈಪಿಡಿಯೊಂದರ ಹಸ್ತಪ್ರತಿಯನ್ನು ಅವಳ ಕೈಗಿಟ್ಟು, ಓದು, ನನಗೆ ಕೆಲಸ ತಡವಾಗುತ್ತಿದೆ ಎಂದೆ. ಓದಿದಳು. ಬೇರೆಯವರ ವಾಕ್ಯಗಳನ್ನು ಓದುತ್ತಾ ಓದುತ್ತಾ ಅವಳ ದನಿ ಮರಳಿತು. ನನ್ನ ಬದುಕಿನಲ್ಲಿ ನಾನು ಕಲಿಸಿದ ಅತ್ಯುತ್ತಮ ಪಾಠ ಅದೆಂದು ಬಹುಕಾಲ ನಂಬಿಕೊಂಡಿದ್ದೆ.

ನಾಲ್ಕನೆಯ ಪುಸ್ತಕದಲ್ಲಿ ಹೆಂಡತಿಯ ಸರದಿಯೆಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಬೇರೆ ಯಾರೂ ಉಳಿದಿರಲಿಲ್ಲ. ಅವಳೂ ನಗುತ್ತಲೇ ಬಂದು ಕುಳಿತಳು. “ಈ ಸಲ ನಂದೇ ಪಾಳಿ ಅತ್ತಿಗೆ. ನೋಡೋಣ, ಎಂಗೆ ಸಾಯಿಸವ್ರೆ.”

ಕಥೆಯಲ್ಲಿ ಖಳನು ಹೆರಿಗೆ ಆಸ್ಪತ್ರೆಗೆ ಬೆಂಕಿ ಹಚ್ಚುತ್ತಾನೆ. ನಾಯಕ ಒಳಕ್ಕೆ ನುಗ್ಗುತ್ತಾನೆ. ನಾಲ್ಕನೆಯ ಪುಟ, ಮೂರನೆಯ ಚೌಕ. ಹೊಗೆಯ ನಡುವೆ ಹೆಂಡತಿಯ ಕೊನೆಯ ಮಾತು. ಅವಳು ಓದಿದಳು:

“ರೀ ಅಲ್ಪ ನಮ್ಮ ಮಗು ಅತ್ತಿತೇ ಪ್ರಶ್ನೆ ನನಗೆ ಕೇಳಿಸಲಿಲ್ಲ ಪೂರ್ಣ ನೀವು ಕೇಳಿಸಿಕೊಂಡಿರಾ”

ಅಲ್ಲಿಗೆ ನಿಂತಳು. ನಾನು ಲೇಖನಿಯ ತುದಿಯನ್ನು ಕರಡಿನ ಮೇಲೆ ಇಟ್ಟುಕೊಂಡು ಕಾದೆ.

“ಮೂಲದಲ್ಲಿ ಪ್ರಶ್ನೆ ಇದೆಯೇ?”

ನಾನು ಬೆರಳಿನಿಂದ ಮೇಜು ತಟ್ಟಿದೆ.

“ಇದೆಯೇ, ಇಲ್ಲವೇ?”

“ಇದೆ ಅತ್ತಿಗೆ.”

“ಸರಿ, ಮುಂದೆ ಓದು.”

ಓದಿದಳು. ನಾಯಕನ ಕೂಗನ್ನು, ಅದರ ಏಳು ಆಶ್ಚರ್ಯಗಳನ್ನೂ ಒಂದೊಂದಾಗಿ ಓದಿದಳು. ನಾನು ಆರನ್ನು ಹೊಡೆದುಹಾಕಿದೆ. ಹಾಳೆ ಮಗುಚಿ ತಲೆಯೆತ್ತಿದಾಗಲೇ ಅವಳ ಮುಖವನ್ನು ಕಂಡದ್ದು. ಚಿಹ್ನೆಗಳನ್ನು ಮಾತ್ರ ಕೇಳುತ್ತಿದ್ದ ಕಿವಿಗೆ ಆ ಮಾತು ಬಿದ್ದದ್ದೂ ಆಗಲೇ.

ಅದು ಅವಳ ಮಾತು. ಮೂರು ವರ್ಷಗಳ ಹಿಂದೆ, ಆಸ್ಪತ್ರೆಯ ವಾರ್ಡಿನಲ್ಲಿ, ತಮ್ಮ ಔಷಧಿ ತರಲು ಕೆಳಗೆ ಹೋಗಿದ್ದಾಗ, ಅವಳು ನನ್ನ ಮಣಿಕಟ್ಟು ಹಿಡಿದು ಕೇಳಿದ್ದಳು: “ಅತ್ತಿಗೆ, ಅದು ಅತ್ತಾ? ನಂಗೆ ಕೇಳಿಸ್ಲಿಲ್ಲ. ನೀವ್ ಕೇಳಿಸ್ಕೊಂಡ್ರಾ?” ನಾನು “ಮಲಗು” ಎಂದಿದ್ದೆ. ಸ್ವಲ್ಪ ಹೊತ್ತು ಬಿಟ್ಟು, “ನಾನು ಇಂಗ್ ಕೇಳ್ದೆ ಅಂತ ಯಾರ್ಗೂ ಹೇಳ್ಬೇಡಿ. ಇವ್ರಿಗೂನೂ” ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಈಗ ಅವಳು ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು, “ನಿಮ್ಗೊಬ್ರಿಗೇ ಅಲ್ವಾ ನಾನ್ ಹೇಳಿದ್ದು?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಮೆಟ್ಟಿಲಿಳಿದು ಬಂದ. ಸಂಜೆಗೆ ಕರಡನ್ನು ಮುದ್ರಣಾಲಯಕ್ಕೆ ಮುಟ್ಟಿಸಬೇಕಿತ್ತು.

“ಮುಗೀತಾ ಅಕ್ಕ? ನಾಲ್ಕನೇ ಪುಟ ಎಂಗೈತೆ?”

“ಈ ಮಾತು ನಿನಗೆ ಎಲ್ಲಿಂದ ಬಂತು?” ಎಂದೆ. ಉತ್ತರ ನನಗೆ ಗೊತ್ತಿತ್ತು. ಆದರೂ ತಪ್ಪಿತಸ್ಥನನ್ನಾಗಿ ಅವನನ್ನು ನಿಲ್ಲಿಸಬೇಕೆಂದು, ತರಗತಿಯ ದನಿಯಲ್ಲಿ ಕೇಳಿದೆ.

“ನೀನೇ ಹೇಳಿದ್ದಲ್ವಾ? ಮರ್ತ್ಬುಟ್ಟಾ? ಆವತ್ತು ಮೇಲಕ್ಕೆ ಬಂದು ಹೇಳಿದ್ದೆ. ಅದನ್ನ ಕೇಳಿದ್ಮೇಲೇ ಕಣಕ್ಕ ನಾನು ಚಾಪೆ ಬುಟ್ಟು ಎದ್ದಿದ್ದು. ಇಡೀ ಪುಸ್ತಕದ ಜೀವಾನೇ ಆ ಮಾತು.”

ಹೌದು, ಹೇಳಿದ್ದೆ. ಮರೆತೂ ಇರಲಿಲ್ಲ. ಆಗ ತಮ್ಮನಿಗೆ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಅಂಗಡಿಗಳ ಬೋರ್ಡು ಬರೆಯುವ ಅವನ ಕಸುಬನ್ನು ಫ್ಲೆಕ್ಸ್ ಯಂತ್ರಗಳು ನುಂಗಿದ್ದವು. ಅವನು ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಹೆಂಡತಿ ಆಸ್ಪತ್ರೆಯಿಂದ ಬಂದು ತಿಂಗಳಾದರೂ ಏಳಲಿಲ್ಲ. ಹಸಿ ಮೈಯವಳು ತಾನೇ ಎದ್ದು ಅನ್ನಕ್ಕಿಡುತ್ತಿದ್ದಳು. ಬೈದೆ. ಬುದ್ಧಿ ಹೇಳಿದೆ. ಮಂಡಕಳ್ಳಿಯ ಕಡೆ ಗೋದಾಮೊಂದರಲ್ಲಿ ಆಳು ಬೇಕಂತೆ ಎಂದು ವಿಳಾಸ ಬರೆಸಿಕೊಂಡು ಬಂದೆ. ಯಾವುದೂ ನಾಟಲಿಲ್ಲ. ಆಗ, ಬೇಕೆಂದೇ, ಯೋಚನೆ ಮಾಡಿಯೇ, ನನ್ನ ಬಳಿ ಇದ್ದುದರಲ್ಲಿ ಹೆಚ್ಚು ಹರಿತವಾದದ್ದನ್ನು ಆರಿಸಿಕೊಂಡು ಮೆಟ್ಟಿಲು ಹತ್ತಿದೆ. ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಂಡಿದ್ದೆ. ‘ನಿನ್ನ ಹೆಂಡತಿ ನನ್ನನ್ನು ಏನು ಕೇಳಿದಳು ಗೊತ್ತೇ?’ ಎಂದು ಆರಂಭಿಸಿ, ಅವಳ ಮಾತನ್ನು ನನ್ನ ಕನ್ನಡಕ್ಕೆ ತಿದ್ದಿ ಅವನಿಗೆ ಒಪ್ಪಿಸಿದೆ. ಅವನು ಅತ್ತ. ಮರುದಿನ ಸ್ನಾನ ಮಾಡಿ ಪೆನ್ಸಿಲು ಹಿಡಿದ. ಸಂಸಾರವನ್ನು ಉಳಿಸಿದೆನೆಂಬ ಹೆಮ್ಮೆಯಲ್ಲಿ ನಾನು ಅಂದು ಎರಡು ಲೋಟ ಕಾಫಿ ಕುಡಿದೆ. ಮಲಗಿದ ಗಂಡಸನ್ನು ಎಬ್ಬಿಸಬೇಕಾದರೆ ಹೆಂಗಸೊಬ್ಬಳ ನೋವನ್ನು ಖರ್ಚು ಮಾಡಬಹುದೆಂದು ಅವನಿಗೆ ತೋರಿಸಿಕೊಟ್ಟವಳು ನಾನು. ಆಮೇಲೆ ಮೂರು ಪುಸ್ತಕಗಳ ಅಂಚಿನಲ್ಲಿ, ಅದೇ ಉಪಾಯವನ್ನು ಹಂಗಿಸುತ್ತಾ ಕೆಂಪು ಶಾಯಿ ಸುರಿದವಳೂ ನಾನೇ.

ಅವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ತಮ್ಮನಿಗೆ ಏನೋ ಎಡವಟ್ಟಾಗಿದೆಯೆಂದು ಆಗ ಹೊಳೆಯಿತು.

“ಪುಸ್ತಕಾನ ನಿಂಗೇ ಅರ್ಪಣೆ ಮಾಡಿವ್ನಿ ಕಣೆ. ಮೊದಲ್ನೇ ಪುಟ ನೋಡು ಬೇಕಾದ್ರೆ.”

“ಅರ್ಪಣೆ ಮಾಡಕ್ಕೆ ನಾನೇನ್ ಸತ್ತೋಗಿದ್ದೀನೇನ್ರೀ?”

“ಅಂಗಲ್ಲ ಕಣೆ. ನಿನ್ ನೋವು ಏನು ಅಂತ ನಾಕ್ ಜನಕ್ಕೆ ಗೊತ್ತಾಗ್ಲಿ ಅಂತ...”

“ನನ್ ನೋವಾ? ಐದ್ನೇ ಪುಟದಿಂದ ಇರೋದೆಲ್ಲ ನಿಮ್ ನೋವೇ. ನಾನು ಬೆಂದೋಗಿದ್ದೀನಿ.”

ಇಲ್ಲಿ ನಾನು ನ್ಯಾಯವಂತೆಯಂತೆ ನಡುವೆ ಬಂದೆ. “ಈ ಪುಟಕ್ಕೆ ನಾನು ಸಹಿ ಹಾಕುವುದಿಲ್ಲ. ಅವಳ ಪರವಾಗಿ ಹೇಳುತ್ತಿದ್ದೇನೆ, ಇದು ಅಚ್ಚಾಗುವುದಿಲ್ಲ.”

“ನನ್ ಪರವಾಗಿ ಏನೂ ಹೇಳ್ಬೇಡಿ ಅತ್ತಿಗೆ,” ಎಂದಳು. “ಹೋದ್ಸಲ ಹೇಳಿದ್ದೇ ಸಾಕು.” ಅವಳ ದನಿ ಏರಲಿಲ್ಲ, ನಾನು ಕಲಿಸಿದ ಭಾವವಿಲ್ಲದ ದನಿ. “ನಾನ್ ಕೇಳಿದ್ದನ್ನ ಇಟ್ಕೊಂಡು ನೀವು ಇವ್ರನ್ನ ಎಬ್ಬಿಸಿದ್ರಿ. ಇವ್ರು ಅದ್ರಲ್ಲಿ ಪುಸ್ತಕ ಮಾಡಿದ್ರು. ಅದು ಅತ್ತಾ ಇಲ್ವಾ, ಅದನ್ನ ಮಾತ್ರ ಇವತ್ತಿಗೂ ನಂಗೆ ಯಾರೂ ಹೇಳ್ಲಿಲ್ಲ.”

ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆ ಉತ್ತರ ಬರೆದವರಿಗೆ ಇಪ್ಪತ್ತೆರಡು ವರ್ಷ ಸೊನ್ನೆ ಹಾಕಿದವಳು ನಾನು. ಆ ದಿನ ಹೆರಿಗೆ ಕೋಣೆಯ ಬಾಗಿಲ ಹೊರಗೆ ನಿಂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಉಪಕರಣಗಳನ್ನು ತಟ್ಟೆಯಲ್ಲಿ ಇಡುವ ಸದ್ದು ಕೇಳಿಸಿತ್ತು, ದಾದಿಯರ ಪಿಸುಮಾತು ಕೇಳಿಸಿತ್ತು.

“ಅಳಲಿಲ್ಲಮ್ಮ,” ಎಂದೆ. “ನಾನು ಬಾಗಿಲಲ್ಲೇ ಇದ್ದೆ. ಅಳಲಿಲ್ಲ.”

ಅವಳು ತಲೆಯಾಡಿಸಿದಳು. ತಮ್ಮನ ಬಾಯಿ ತೆರೆಯಿತು, ಕಣ್ಣು ತುಂಬಿತು.

“ನೀವೀಗ ಕೂಗ್ಬೇಡಿ,” ಎಂದಳು ಅವನಿಗೆ.

ನನ್ನ ಕೈಯಿಂದ ಕೆಂಪು ಲೇಖನಿಯನ್ನು ತೆಗೆದುಕೊಂಡು ಆ ಪುಟದ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ನಾನು ಎಷ್ಟೋ ಸಾವಿರ ಗೆರೆ ಎಳೆದಿದ್ದೇನೆ. ಅಷ್ಟು ನೇರವಾದದ್ದನ್ನು ಎಳೆದಿಲ್ಲ. ಲೇಖನಿಗೆ ಮುಚ್ಚಳ ಹಾಕಿಟ್ಟು ಮೇಲಕ್ಕೆ ಹೋದಳು.

ಪುಸ್ತಕ ಬಂತು. ನಾಲ್ಕನೆಯ ಪುಟದಲ್ಲಿ ಈಗ ಪೀಠೋಪಕರಣದ ಅಂಗಡಿಯೊಂದರ ಜಾಹೀರಾತಿದೆ. ಸೋಫಾದ ಮುಂದಿನ ಪುಟದಲ್ಲಿ ನಾಯಕ ಯಾವ ಕಾರಣವೂ ಇಲ್ಲದೆ ಹಾರುತ್ತಾನೆ. ಏಕೆ ಹಾರಿದನೆಂದು ಕೇಳಿ ಒಬ್ಬ ಓದುಗನೂ ಇದುವರೆಗೆ ಪತ್ರ ಬರೆದಿಲ್ಲ. “ಕಥೆ ಸತ್ತೋಯ್ತು ಅಕ್ಕ” ಎಂದು ತಮ್ಮ ಗೋಳಾಡಿದ. ಸಾಯುವುದಕ್ಕೆ ಈ ಸಲ ಕಥೆಯೊಂದೇ ಸಿಕ್ಕಿತಲ್ಲ, ಸಂತೋಷ ಎಂದೆ. ಅವನಿಗೆ ಈ ಸಲ ನಗು ಬರಲಿಲ್ಲ, ನನಗೂ ಬರಲಿಲ್ಲ.

ಅವಳು ಮತ್ತೆ ಓದಲು ಬರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಂಜೆಯವರೆಗಿನ ಕೆಲಸ ಒಪ್ಪಿಕೊಂಡಳು. ನಾನು ಒಬ್ಬಳೇ ಕರಡು ನೋಡುತ್ತೇನೆ, ತಪ್ಪುಗಳನ್ನು ಬಿಡುತ್ತೇನೆ, ಮುದ್ರಣಾಲಯದವರು ವಯಸ್ಸಾಯಿತೆಂದುಕೊಂಡಿದ್ದಾರೆ. ಇದನ್ನು ಬರೆಯುವ ಮೊದಲು ಅವಳನ್ನು ಮೆಟ್ಟಿಲ ಬಳಿ ತಡೆದು ಒಪ್ಪಿಗೆ ಕೇಳಿದೆ. ಏನು ಬರೆಯುತ್ತೇನೆಂದೂ ಹೇಳಿದೆ. “ಬರ್ಕೊಳಿ ಅತ್ತಿಗೆ. ನೀವ್ ಮಾಡಿದ್ದನ್ನೂ ಬರೀರಿ. ನನ್ನ ಸಾಯಿಸ್ಬೇಡಿ, ಅಷ್ಟೇ,” ಎಂದು ಚಪ್ಪಲಿ ಮೆಟ್ಟಿಕೊಂಡಳು.

ಜಗಳವಿಲ್ಲ. ದಿನವೂ ಎದುರಾಗುತ್ತಾಳೆ. ನೀರು ಬಂತಾ ಎನ್ನುತ್ತಾಳೆ, ಊಟ ಆಯ್ತಾ ಎನ್ನುತ್ತಾಳೆ, ಬೀನ್ಸ್ ತುಟ್ಟಿಯಾಗಿದೆ ಎನ್ನುತ್ತಾಳೆ. ನಾನು ಯಾರ ಮುಂದೆ ಆಡಿದರೂ ತನಗೆ ನಷ್ಟವಾಗದಂಥ ಮಾತುಗಳನ್ನೇ ಆರಿಸಿ ನನ್ನೊಡನೆ ಆಡುತ್ತಾಳೆ.