ನೋರಾ ಆಂಟಿಯ ಕತೆಗೆ ನಾನು ಸೇರಿಸಿದ್ದು

ಕಳೆದ ಶನಿವಾರ ನಮ್ಮ ಟಾರ್ನೀಟ್ ಬಡಾವಣೆಯ ಬೇಕರಿಯೊಂದರ ಮುಂದೆ ಹಾಯುವಾಗ ಶಾಜೀರಿಗೆ ಹಾಕಿದ ಬ್ರೆಡ್ಡಿನ ವಾಸನೆ ಬಂತು. ಹಾಲು ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ನಿಮಗೂ ಹೀಗಾಗಿರಬಹುದು, ಮೂಗು ಒಮ್ಮೊಮ್ಮೆ ನಮ್ಮನ್ನು ಕೇಳದೆಯೇ ಊರು ಬದಲಿಸಿಬಿಡುತ್ತದೆ. ನನ್ನನ್ನು ಅದು ಮೆಲ್ಬರ್ನಿನಿಂದ ಎತ್ತಿ, ಹದಿನೈದು ವರ್ಷ ಹಿಂದೆ ಸಿಡ್ನಿಯಲ್ಲಿ ನಾನು ಬಾಡಿಗೆಗಿದ್ದ ನೋರಾ ಆಂಟಿಯ ಅಡುಗೆಮನೆಯಲ್ಲಿ ಇಳಿಸಿತು.

ನೋರಾ ಐರ್ಲೆಂಡಿನ ಪಶ್ಚಿಮ ಕರಾವಳಿಯವರು. ಹರೆಯದಲ್ಲಿ ನರ್ಸ್ ಕೆಲಸಕ್ಕೆಂದು ಬಂದು ಸಿಡ್ನಿಯಲ್ಲೇ ಉಳಿದವರು. ನಾನು ಮೊದಲ ದಿನ ಆಂಟಿ ಎಂದಾಗ, "ನಿಮ್ಮಮ್ಮನಿಗೆ ನಾನು ಯಾವಾಗ ತಂಗಿ ಆದೆ?" ಎಂದು ನಕ್ಕಿದ್ದರು. ಆಮೇಲೆ ಫೋನಿನಲ್ಲಿ ತಾವೇ "ಆಂಟಿ ಮಾತಾಡ್ತಿರೋದು" ಎನ್ನತೊಡಗಿದರು.

ನಾನಾಗ ವಿದ್ಯಾರ್ಥಿನಿ. ಎರಡು ವರ್ಷದ ಮಗಳು ಚಿನ್ಮಯಿಯನ್ನು ಧಾರವಾಡದಲ್ಲಿ ಅವ್ವನ ಹತ್ತಿರ ಬಿಟ್ಟು ಓದಲು ಬಂದಿದ್ದೆ. ಗಂಡನಿಗೆ ಪುಣೆಯಲ್ಲಿ ಕೆಲಸ. ಇದರ ಜೊತೆಗೆ ನನಗೊಂದು ರೋಗವಿತ್ತು: ನಾನೊಬ್ಬಳು ಕತೆಗಾರ್ತಿ ಎಂಬ ನಂಬಿಕೆ. ಅಲ್ಲಿಯವರೆಗೆ ಅಚ್ಚಾಗಿದ್ದು ಎರಡೇ ಕತೆಯಾದರೂ ನಂಬಿಕೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಭಾನುವಾರ ಚರ್ಚಿನಿಂದ ಬಂದು ನೋರಾ ಆಂಟಿ ಶಾಜೀರಿಗೆ ಹಾಕಿ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದರು. ಕಲಸುತ್ತ ಕತೆ ಹೇಳುತ್ತಿದ್ದರು. ಎಲ್ಲವೂ ಅವರ ಅಜ್ಜಿಯಿಂದ ಬಂದವು. ಒಂದು ದಿನ ಹೇಳಿದ್ದು ಇದು: ಮನೆಯ ಒಲೆ ಆರಿತ್ತು. ತಾಯಿ ಪುಟ್ಟ ಮಗಳನ್ನು ತೊಟ್ಟಿಲಲ್ಲಿ ಬಿಟ್ಟು ನೆರೆಮನೆಗೆ ಕೆಂಡ ತರಲು ಹೋದಳು. ದಾರಿಯಲ್ಲಿ ಗುಡ್ಡದೊಳಗಿಂದ ಹಾಡು ಕೇಳಿತು. ನಿಂತಳು. ಒಂದು ಹಾಡು ಮುಗಿಯಿತು, ಮನೆಗೆ ಬಂದಳು. ಬಾಗಿಲು ತೆಗೆದದ್ದು ಹಣ್ಣುಹಣ್ಣು ಮುದುಕಿ, ಅದೇ ಅವಳ ಮಗಳು. ಮುದುಕಿ ಕೇಳಿದಳು, "ಕೆಂಡ ತಂದೆಯಾ?"

ಅಷ್ಟು ಹೇಳಿ ನೋರಾ ಆಂಟಿ ಹಿಟ್ಟನ್ನು ಓವನ್ನಿಗಿಟ್ಟರು.

"ಆಮೇಲೆ?" ಎಂದೆ.

"ಆಮೇಲೆ ಏನಿದೆ? ಮುಗೀತು."

ನಮ್ಮ ಅಜ್ಜಿಯೂ ಸಗಣಿ ಕುಳ್ಳಿನ ಮೇಲೆ ನೆರೆಮನೆಯ ಕೆಂಡ ತರುತ್ತಿದ್ದವಳೇ. ಹಾಗಾಗಿ ಕತೆ ನನಗೆ ದೂರದ್ದೆನಿಸಲಿಲ್ಲ. ನಿಜ ಹೇಳಬೇಕೆಂದರೆ, ತೀರಾ ಹತ್ತಿರದ್ದೆನಿಸಿತು. ಎರಡು ವಾರ ಕೂತು ಅದನ್ನು ಕನ್ನಡದಲ್ಲಿ ಬರೆದೆ. ತಾಯಿ ಹಾಡಿಗೆ ಯಾಕೆ ನಿಂತಳು, ನಿಂತಾಗ ತೊಟ್ಟಿಲು ನೆನಪಾಯಿತೇ, ನೆನಪಾದರೂ ನಿಂತಳೇ ಎಂದು ಮೂರು ಪುಟ ಅವಳ ಸಂಕಟವನ್ನೇ ತುಂಬಿದೆ. ಕೊನೆಯಲ್ಲಿ ಮುದುಕಿ ಮಗಳು ಏನೂ ಮಾತಾಡದೆ ತಾಯಿಯ ತಣ್ಣಗಾದ ಕೈ ಹಿಡಿದು ಬೆಚ್ಚಗೆ ಮಾಡುವಂತೆ ಬರೆದೆ. ಆಗ ನನಗೆ ಅದು ಬೇಕಾಗಿತ್ತು. ಧಾರವಾಡದ ಪತ್ರಿಕೆಯೊಂದು ಅಚ್ಚು ಹಾಕಿತು.

ಪತ್ರಿಕೆ ಬಂದ ದಿನ ಹೆಮ್ಮೆಯಿಂದ ನೋರಾ ಆಂಟಿಯ ಮುಂದೆ ಕೂತು ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. ಮುಖ ಮಾತ್ರ ಬಿಗಿಯಾಗುತ್ತ ಹೋಯಿತು.

"ಅವಳ ಮನಸ್ಸಿನೊಳಗೆ ನೀನೇ ಹೋಗಿ ಕೂತರೆ, ಕೇಳೋರು ಎಲ್ಲಿ ಕೂರಬೇಕು?" ಎಂದರು.

"ಆಂಟಿ, ಬರವಣಿಗೆಯಲ್ಲಿ ಹಾಗೆ ಬಿಡೋಕಾಗಲ್ಲ. ಓದೋರಿಗೆ ಅವಳು ಅರ್ಥ ಆಗಬೇಕು."

"ಈ ಕತೆ ಕೇಳಿ ನನ್ನ ಅಮ್ಮ ಅಳ್ತಿದ್ದಳು. ನನ್ನ ಅಣ್ಣ ನಗ್ತಿದ್ದ. ನನಗೆ ಹೆದರಿಕೆ ಆಗ್ತಿತ್ತು. ನೀನು ಎಲ್ಲರಿಗೂ ಅಳೋಕೆ ಹೇಳಿಬಿಟ್ಟೆ." ಎದ್ದು ಹೋದರು.

ನನಗೆ ಅವಮಾನವಾಯಿತು. ಓದುಬರಹದ ಸೂಕ್ಷ್ಮ ಇವರಿಗೇನು ಗೊತ್ತು ಎಂದು ಒಳಗೊಳಗೇ ಅಂದುಕೊಂಡೆ. ಅದನ್ನು ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ. ಆಮೇಲೆ ಎಷ್ಟೋ ಭಾನುವಾರ ನೋರಾ ಆಂಟಿ ಹಿಟ್ಟು ಕಲಸಿದರು, ಕತೆ ಹೇಳಲಿಲ್ಲ.

ನಾನು ಊರು ಬಿಟ್ಟು ಒಂದೂವರೆ ವರ್ಷವಾದ ಮೇಲೆ ಅವ್ವ ಚಿನ್ಮಯಿಯನ್ನು ಕರೆದುಕೊಂಡು ಬಂದಳು. ಏರ್‌ಪೋರ್ಟಿನಲ್ಲಿ ನಾನು ಕೈ ಚಾಚಿದೆ. ಹುಡುಗಿ ಅವ್ವನ ಸೀರೆಯ ಹಿಂದೆ ಅಡಗಿದಳು.

"ಹೋಗವಾ, ನಿಮ್ಮವ್ವ," ಎಂದಳು ಅವ್ವ.

"ಈಕಿ ನಮ್ಮವ್ವ ಅಲ್ಲ. ಫೋನಿನಾಕಿ."

ಕಾರು ತಂದಿದ್ದ ನೋರಾ ಆಂಟಿಗೆ ಮಾತು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಹುಡುಗಿ ನನ್ನ ಕೈಯಿಂದ ಊಟ ಮಾಡಲು ಮೂರು ವಾರ ಬೇಕಾಯಿತು.

ಆ ಬೇಸಿಗೆಯಲ್ಲಿ ಚರ್ಚಿನ ಸಭಾಂಗಣದಲ್ಲಿ ನೋರಾ ಆಂಟಿಯ ಗೆಳತಿಯರ ಮಧ್ಯಾಹ್ನದ ಚಹಾ ಇತ್ತು. ನಮ್ಮನ್ನೂ ಕರೆದಿದ್ದರು. ಯಾರೋ ಕತೆ ಹೇಳೆಂದು ಒತ್ತಾಯ ಮಾಡಿದರು. ನೋರಾ ಆಂಟಿ ಅದೇ ಕತೆ ಹೇಳಿದರು: ಹೋದಳು, ನಿಂತಳು, ಬಂದಳು. "ಕೆಂಡ ತಂದೆಯಾ?" ಆದ ಮೇಲೆ ಒಂದು ಕ್ಷಣ ತಡೆದರು. ಆಮೇಲೆ, "ಮಗಳು ತಾಯಿಯ ಕೈ ಹಿಡಿದು ಬೆಚ್ಚಗೆ ಮಾಡಿದಳು," ಎಂದರು. "ನನ್ನ ಅಜ್ಜಿ ಹೀಗೇ ಹೇಳ್ತಿದ್ದಳು."

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನನ್ನ ಮೂರು ಪುಟದ ಸಂಕಟವನ್ನೆಲ್ಲ ಬಿಟ್ಟು, ಆ ಒಂದು ಕೆಲಸವನ್ನಷ್ಟೇ ಅವರು ಎತ್ತಿಕೊಂಡಿದ್ದರು. ನನ್ನ ಹೆಸರೂ ಹೋಗಿತ್ತು. ಬರಹಗಾರರಿಗೆ ಸಿಟ್ಟು ಬರಬೇಕಾದ ಜಾಗ ಅದು, ನನಗೆ ಹಗುರವಾಯಿತು. ಮನೆಗೆ ಬರುವಾಗ ಕಾರಿನಲ್ಲಿ ಅವರು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಭಾನುವಾರದಿಂದ ಕತೆಗಳು ಮತ್ತೆ ಶುರುವಾದವು.

ಗಂಡನೂ ಬಂದ, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ನಾವು ಮೆಲ್ಬರ್ನಿಗೆ ಬಂದೆವು. ನೋರಾ ಆಂಟಿ ತೀರಿಕೊಂಡು ಆರು ವರ್ಷವಾಯಿತು. ನಾನು ಈಗ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಕತೆ ಬರೆದು ಬಹಳ ದಿನವಾಯಿತು.

ಶನಿವಾರ ಬ್ರೆಡ್ ಕೊಂಡು ಮನೆಗೆ ಬಂದು ಚಿನ್ಮಯಿಗೆ ಇದನ್ನೆಲ್ಲ ಹೇಳಿದೆ. ಅವಳಿಗೀಗ ಹದಿನೇಳು. ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಆ ಕತೆ ಹೇಳು," ಎಂದಳು. ಹೇಳಿದೆ. ಮುದುಕಿ "ಕೆಂಡ ತಂದೆಯಾ?" ಎಂದು ಕೇಳುವಲ್ಲಿಗೆ ನಿಲ್ಲಿಸಿದೆ. ಕೈ ಬೆಚ್ಚಗೆ ಮಾಡಿದ್ದನ್ನು ಈ ಸಲ ಬಿಟ್ಟೆ.

"ಮಗಳಿಗೆ ತುಂಬ ಸಿಟ್ಟು ಬಂದಿರತ್ತೆ," ಎಂದಳು ಇಂಗ್ಲಿಷಿನಲ್ಲಿ.

"ಬಂದಿರಬಹುದು."

"ಆ ಸಿಟ್ಟು ಮುದುಕಿ ಆಗೋವರೆಗೂ ಇತ್ತು ಅನ್ಕೋಬೇಡ, ಅಮ್ಮ."

ಅವಳು ನನ್ನ ಮುಖ ನೋಡಿ, ಎಷ್ಟೋ ವರ್ಷದಿಂದ ಅವಳ ಬಾಯಲ್ಲಿ ಕೇಳದ ಧಾರವಾಡದ ಮಾತಿನಲ್ಲಿ ಮೆಲ್ಲಗೆ ಹೇಳಿದಳು: "ಹೋಗೇತಿ."