ಬ್ಯಾರಲ್ಲಿನಲ್ಲಿ ಮುಳುಗಿದ ಪೈಪು

ನೀರು ತಿಳಿನೀಲಿ ಇತ್ತು ಎಂದು ಬರೆದು ಹೊಡೆದುಹಾಕಿದೆ. ಬಣ್ಣವೇನೂ ಇರಲಿಲ್ಲ, ಈ ಸಂಗತಿ ಹೇಳುವಾಗಲೆಲ್ಲ ನಾನೇ ಬಳಿದದ್ದು ಅದು. ಒಗರಿತ್ತು, ಅಷ್ಟು ಖಾತ್ರಿ. ಅದೂ ನನ್ನ ನಾಲಿಗೆಯ ನೆನಪೋ ಅತ್ತೆಯ ಮಾತೋ, ಬಿಡಿಸಲಾಗುತ್ತಿಲ್ಲ.

ಎಂಬತ್ತರ ದಶಕದ ಕೊನೆ. ನಾನು ಉಗಾರದಲ್ಲಿ ಪೈಪು, ವಾಲ್ವುಗಳ ರಿಪೇರಿ ಮಾಡಿಕೊಂಡಿದ್ದೆ. ತೆಲಸಂಗದ ಕಡೆ ದ್ರಾಕ್ಷಿ ತೋಟ ಮಾಡಿದ್ದ ಸೋದರಮಾವನ ಮನೆಯಿಂದ ಅತ್ತೆ ಹೇಳಿಕಳಿಸಿದರು: ನಳದ ನೀರು ರುಚಿ ಕೆಟ್ಟಿದೆ, ಹೆರಿಗೆಗೆ ಬಂದ ಮಗಳು ಬಾಣಂತಿ, ಕುಡಿದದ್ದೆಲ್ಲ ವಾಂತಿ.

ಒಂದೇ ಬೋರಿನ ನೀರು ಅಲ್ಲಿ ಎರಡು ಕಡೆ ಹೋಗುತ್ತಿತ್ತು, ಅಂಗಳದ ನಳಕ್ಕೆ ಮತ್ತು ದಿನ್ನೆಯ ಮೇಲಿನ ತೋಟದ ಬ್ಯಾರಲ್ಲಿಗೆ. ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ ಔಷಧಿ ಕಲಸುವುದು ಆ ಬ್ಯಾರಲ್ಲಿನಲ್ಲಿ. ಕರೆಂಟು ಯಾವಾಗ ಬರುತ್ತದೋ. ಬಂದ ಕೂಡಲೇ ತಾನೇ ತುಂಬಲಿ ಎಂದು ಪೈಪಿನ ತುದಿಗೆ ಕಲ್ಲು ಕಟ್ಟಿ ಬ್ಯಾರಲ್ಲಿನ ತಳಕ್ಕೆ ಇಳಿಬಿಡುವುದು ರೂಢಿ. ಕರೆಂಟು ಹೋದಾಗ ಅದೇ ಪೈಪು ಔಷಧಿಯನ್ನು ಹಿಂದಕ್ಕೆಳೆದು ಕೆಳಗಿನ ನಳಕ್ಕೆ ಕೊಡುತ್ತದೆ. ಅದನ್ನು ತಡೆಯಲೆಂದೇ ನಾನೊಂದು ವಾಲ್ವು ಕೂರಿಸಿದ್ದೆ. ಅದರೊಳಗೊಂದು ಪುಟ್ಟ ಬಾಗಿಲು. ನೀರು ಮುಂದೆ ಹೋದರೆ ತೆರೆಯುತ್ತದೆ, ಹಿಂದೆ ಬಂದರೆ ಮುಚ್ಚುತ್ತದೆ.

ಬಿಚ್ಚಿ ನೋಡಿದೆ. ಬಾಗಿಲನ್ನು ತಂತಿಯಿಂದ ಮೇಲೆತ್ತಿ ಕಟ್ಟಿದ್ದರು.

"ಇದನ್ನ ಯಾರ ಕಟ್ಯಾರ ಮಾಮಾ?"

"ನಾನ ಕಟ್ಟೀನಿ. ನೀರ ಸಣ್ಣ ಬರಾಕತ್ತಿತ್ತು. ಬಾಗಲಾ ಇಟ್ರ ನೀರಿಗೂ ನಾಚಿಕಿ ಬರ್ತೈತೋ ಏನೋ, ಅಳ್ಯಾ!"

ನನಗೆ ಸಿಟ್ಟು ಬಂತು ಎಂದು ಇಷ್ಟು ವರ್ಷ ನಂಬಿದ್ದೇನೆ. ಬಹುಶಃ ನಕ್ಕಿದ್ದೆ.

ತಂತಿ ಕತ್ತರಿಸಿದೆ. ಬಾಗಿಲಂಚಿನ ಸವೆದ ರಬ್ಬರು ತೆಗೆದು ಹೊಸದು ಹಾಕಿದೆ. ಮೋಟಾರು ಒಮ್ಮೆ ಹಚ್ಚಿ ನಿಲ್ಲಿಸಿ, ವಾಲ್ವಿನ ಕೆಳಗಿನ ಜೋಡಣೆ ಬಿಚ್ಚಿ ಕಾದೆ. ಮೇಲಿನಿಂದ ಹನಿಯೂ ಬರಲಿಲ್ಲ. ಆದರೂ ನಾನು ಬಸ್ಸು ಹತ್ತಿದ ಮೇಲೆ ಮಾವ ಮತ್ತೆ ತಂತಿ ಹುಡುಕುತ್ತಾರೆಂಬುದು ಅವರ ಮುಖದಲ್ಲೇ ಇತ್ತು.

ಅತ್ತೆ ಮುಂಜಾನೆ ಹಿಡಿದಿಟ್ಟ ನೀರಿನ ತಂಬಿಗೆ ತಂದು ಅವರ ಮುಂದಿಟ್ಟರು.

"ಕುಡೀರಿ."

"ನನಗ ನೀರಡಿಕಿ ಆಗಿಲ್ಲ."

"ಒಂದ ಗುಟಕ ರೀ. ಮಗಳು ಕುಡದಾಳಲ್ಲ."

ಮಾವ ತಂಬಿಗೆ ಮುಟ್ಟಲಿಲ್ಲ.

"ಹಂಗಾರ ನಿಮಗ ಗೊತ್ತೈತಿ," ಎಂದ ಅತ್ತೆ ಕುಡಗೋಲು ಹಿಡಿದು ದಿನ್ನೆ ಹತ್ತಿದರು. ನಾವಿಬ್ಬರೂ ಹಿಂದೆ. ಪೈಪನ್ನು ಬ್ಯಾರಲ್ಲಿನಿಂದ ಎಳೆದು, ಕಲ್ಲಿನ ಸಮೇತ ತುದಿ ಕತ್ತರಿಸಿ, ಉಳಿದದ್ದನ್ನು ಬಳ್ಳಿಯ ಕಂಬಕ್ಕೆ ಬಿಗಿದರು. ಈಗ ಅದರ ಬಾಯಿ ಬ್ಯಾರಲ್ಲಿಗಿಂತ ಎತ್ತರದಲ್ಲಿತ್ತು. ಔಷಧಿ ಮುಟ್ಟದ ಪೈಪು ಗಾಳಿಯನ್ನಷ್ಟೇ ಎಳೆದೀತು.

"ಸಿಡೀತೈತಿ. ಅರ್ಧ ನೀರ ನೆಲಕ್ಕ," ಎಂದರು ಮಾವ.

"ಸಿಡೀಲಿ."

ಮೂವರೂ ಇಳಿದು ಬಂದ ಮೇಲೆ ಮೋಟಾರು ಹಚ್ಚಿ ನಾನು ಅಂಗಳದ ನಳ ಬಿಟ್ಟೆ. ಪೈಪಿನಲ್ಲಿ ಉಳಿದದ್ದೆಲ್ಲ ಹೋಗಬೇಕು. ನೀರು ಹರಿಯಿತು, ಹರಿಯಿತು. ನಾಲಿಗೆಗೆ ಹಚ್ಚಿ ನೋಡಿದೆ, ಉಗುಳಿದೆ, ಮತ್ತೆ ನೋಡಿದೆ. ಒಗರು ಹೋಯಿತೋ, ನಾಲಿಗೆಗೇ ರೂಢಿಯಾಯಿತೋ ತಿಳಿಯದೆ ನಳ ಬಿಟ್ಟೇ ಇದ್ದೆ. ಒಳಗಿನಿಂದ ಬಾಣಂತಿ ಕೂಗಿದಳು:

"ಯವ್ವಾ, ನೀರ ಕೊಡವಾ."

ಅತ್ತೆ ನನ್ನ ಮುಖ ನೋಡಿದರು.