ಶುಭ್ರಣ್ಣ ತೊಳೆದ ಮೀನಿನ ತೊಟ್ಟಿ

ಲಾಂಡ್ರಿಯ ಶುಭ್ರಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಬೀದಿಯವರು ಅದನ್ನು ಮರೆತು ಮೂವತ್ತು ವರ್ಷವಾಯಿತು. ಕಲೆ, ಕೊಳೆ ಎಂದರೆ ಈ ಮನುಷ್ಯನಿಗೆ ಹುಟ್ಟುವೈರ. ನೆಂಟರ ಮನೆಗೆ ಹೋದರೂ ಪರದೆಯ ಅಂಚು ಹಿಡಿದು ನೋಡಿ, "ಕಾಫಿ ಬಿದ್ದಿದೆಯಲ್ಲ, ಬಿಚ್ಚಿ ಕೊಡಿ" ಎನ್ನುವ ಆಸಾಮಿ.

ಅವನ ಮನೆಯಲ್ಲಿ ಅವನ ಕೈ ಸೋಕದೆ ಉಳಿದದ್ದು ಒಂದೇ, ಹೆಂಡತಿಯ ಮೀನಿನ ತೊಟ್ಟಿ. ಅದರಲ್ಲಿ ಎಂಟು ವರ್ಷದ ಒಂಟಿ ಗೋಲ್ಡ್ ಫಿಶ್, ಪುಟ್ಟಿ. ಮಗಳಿಗೆ ಹೆರಿಗೆಯಾಗಿತ್ತು. ಅವಳ ಮನೆಗೆ ಹೊರಟ ಹೆಂಡತಿ, "ದಿನಕ್ಕೊಂದು ಚಿಟಿಕೆ ಊಟ ಹಾಕಿ, ಮಿಕ್ಕಿದ್ದಕ್ಕೆ ಕೈ ಹಾಕ್ಬೇಡಿ. ಮೂರು ವಾರಕ್ಕೆ ಬಂದ್ಬಿಡ್ತೀನಿ" ಎಂದಿದ್ದಳು.

ಹತ್ತು ದಿನ ಹೇಗೋ ತಡೆದುಕೊಂಡ. ಹನ್ನೊಂದನೆಯ ದಿನ ಫಿಲ್ಟರಿನ ಸ್ಪಂಜು ಕಣ್ಣಿಗೆ ಬಿತ್ತು. ಕಂದು ಬಣ್ಣ, ಲೋಳೆ ಲೋಳೆ. ಕೈ ಕೇಳಬೇಕಲ್ಲ. ಪುಟ್ಟಿಯನ್ನು ಬಕೆಟ್ಟಿಗೆ ಬಿಟ್ಟು, ಸ್ಪಂಜನ್ನು ಕುದಿನೀರಲ್ಲಿ ಅದ್ದಿ ಹಿಂಡಿದ, ಕಲ್ಲುಗಳನ್ನು ಒಂದೊಂದಾಗಿ ಬ್ರಷ್ಷಿನಿಂದ ಉಜ್ಜಿದ, ಹಳೇ ನೀರನ್ನೆಲ್ಲ ಚೆಲ್ಲಿ ನಲ್ಲಿ ನೀರು ತುಂಬಿದ. ಆಮೇಲೆ ಸೋಫಾದಲ್ಲಿ ಕೂತು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಎರಡು ದಿನ ಕಳೆಯುವುದರಲ್ಲಿ ಪುಟ್ಟಿ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಖಾಲಿ ತೊಟ್ಟಿ ತೋರಿಸಿ ಹೆಂಡತಿಗೆ ಏನೆನ್ನುವುದು? ಶುಭ್ರಣ್ಣ ಚಪ್ಪಲಿ ಎಡಬಲ ತಿಳಿಯದೆ ಮೆಟ್ಟಿಕೊಂಡು ಮೀನಿನಂಗಡಿಗೆ ಓಡಿದ.

"ಸ್ಪಂಜು ಏನ್ಮಾಡಿದ್ರಿ?" ಎಂದಳು, ತೊಟ್ಟಿ ತೊಳೆದ ಕಥೆ ಕೇಳಿದ ಅಂಗಡಿಯ ಅಕ್ಕ.

"ಹೊಸದರ ಹಾಗೆ ಮಾಡಿದ್ದೀನಿ, ಅಕ್ಕ."

"ಆ ಲೋಳೇಲೇ ಅಲ್ವಾ ಒಳ್ಳೆ ಬ್ಯಾಕ್ಟೀರಿಯಾ ಇರೋದು? ಮೀನಿನ ಗಲೀಜು ವಿಷ ಆಗ್ದೇ ಇರೋ ಹಾಗೆ ನೋಡ್ಕೊಳ್ಳೋದು ಅವು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿದ್ದು."

ತನ್ನ ತೊಟ್ಟಿಯ ಹಳೇ ಸ್ಪಂಜೊಂದನ್ನು ನೀರಿನ ಸಮೇತ ಚೀಲಕ್ಕೆ ಹಾಕಿ, ಕ್ಲೋರಿನ್ ತೆಗೆಯುವ ಔಷಧಿಯನ್ನೂ ಕೊಟ್ಟಳು. "ದಿನಾ ಕಾಲು ಭಾಗ ನೀರು ಬದಲಾಯ್ಸಿ. ನಲ್ಲಿ ನೀರಿಗೆ ಮೊದಲು ಇದನ್ನ ಹಾಕಿ. ಸ್ಪಂಜು ಜಾಲಾಡಿಸೋದಿದ್ರೆ ತೊಟ್ಟಿಯಿಂದ ತೆಗೆದ ನೀರಲ್ಲೇ."

ಚೀಲವನ್ನು ಎಳೆಮಗುವಿನ ಹಾಗೆ ಎದೆಗವಚಿಕೊಂಡು ಬರುತ್ತಿದ್ದಾಗ ಗಿರಾಕಿಯೊಬ್ಬ ಎದುರಾದ. "ಏನಣ್ಣ, ಕೊಳೆ ಸ್ಪಂಜು? ಕೊಡಿ, ಬಿಸಾಕ್ತೀನಿ."

"ಮುಟ್ಬೇಡಪ್ಪ, ಇದು ಒಳ್ಳೆ ಕೊಳೆ" ಎಂದ ಶುಭ್ರಣ್ಣ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು, ಅಣ್ಣನಿಗೆ ತಲೆ ಕೆಟ್ಟಿದೆ ಎಂದು.

ಆ ಸ್ಪಂಜು ಹಾಕಿದ ಐದನೆಯ ದಿನ ಪುಟ್ಟಿ ತಳಕ್ಕಿಳಿದು ಕಲ್ಲುಗಳನ್ನು ಮೂತಿಯಿಂದ ತಳ್ಳತೊಡಗಿತು. ಆವತ್ತು ಶುಭ್ರಣ್ಣನ ಕಾಲು ನೆಲದ ಮೇಲಿರಲಿಲ್ಲ. ಲಾಂಡ್ರಿಯಲ್ಲಿ ಯಾರದೋ ಕೋಟನ್ನು ತಬ್ಬಿಕೊಂಡು ಎರಡು ಸುತ್ತು ಕುಣಿದ, ಮತ್ತೆ ಅದಕ್ಕೆ ಹೊಸದಾಗಿ ಇಸ್ತ್ರಿ ಹಾಕಬೇಕಾಯಿತು.

ಭಾನುವಾರ ಹೆಂಡತಿ ಬ್ಯಾಗು ಇಳಿಸಿದವಳೇ ತೊಟ್ಟಿಯ ಹತ್ತಿರ ಹೋದಳು. ಗಾಜಿನ ಮೇಲೆ ತೆಳು ಹಸಿರು ಕಟ್ಟಿತ್ತು. ಮುಚ್ಚಳ ಎತ್ತಿ ನೋಡಿ, "ಇದು ನಮ್ಮ ಸ್ಪಂಜಲ್ಲ" ಎಂದಳು.

ಶುಭ್ರಣ್ಣ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟ. ಅವಳು ನಕ್ಕು ನಕ್ಕು ನೆಲಕ್ಕೇ ಕೂತಳು.

"ನಿಮ್ಮ ಕೈಗೆ ಸಿಕ್ರೆ ತೊಳೆದೇ ಕೊಲ್ತೀರಿ ಅಂತ, ಎಂಟು ವರ್ಷ ನೀವು ಲಾಂಡ್ರಿಗೆ ಹೋದ್ಮೇಲೇ ನೀರು ಬದಲಾಯಿಸ್ತಿದ್ದೆ ಕಣ್ರೀ."

ಅವಳು ಕಣ್ಣೊರೆಸಿಕೊಂಡು ಎದ್ದು ಬಕೆಟ್ಟನ್ನು ಅವನ ಕೈಗೆ ಹಿಡಿಸಿದಳು.

"ಕಾಲು ಭಾಗ ತೆಗೀರಿ. ಇನ್ಮೇಲೆ ಇದು ನಿಮ್ದೇ ಕೆಲಸ. ನಾನು ನೋಡೋಕೂ ಬರಲ್ಲ."

ಅವಳು ನಿಜವಾಗಿಯೂ ಸ್ನಾನಕ್ಕೆ ಹೋದಳು. ತನ್ನನ್ನು ನಂಬಿ ಪುಟ್ಟಿಯನ್ನು ಬಿಟ್ಟುಹೋದ ಸಂತೋಷಕ್ಕೆ ಶುಭ್ರಣ್ಣ ಬಚ್ಚಲ ಬಾಗಿಲನ್ನೇ ನೋಡುತ್ತ ಮೊಗೆದ ಮೊದಲ ಚೊಂಬು ನೀರು ಬಕೆಟ್ಟಿಗೆ ಬೀಳದೆ ನೆಲಕ್ಕೆ ಬಿತ್ತು.